ತಾಯಿ ನೀರು ಬೇಡುವ ಸಾಲು

ಯಲಬುರ್ಗಾದ ಬಸ್ ಸ್ಟ್ಯಾಂಡಿನ ಹಿಂದೆ ಜಾವೇದನ ರೆಕಾರ್ಡಿಂಗ್ ಕೋಣೆ. ಟ್ರ್ಯಾಕ್ಟರ್ ಹಾಡುಗಳಲ್ಲಿ ಅವನದು ಎತ್ತಿದ ಕೈ. ಎಂಜಿನ್ ಸದ್ದನ್ನೂ ಮೀರಿ ಹಾಡು ಕೇಳಬೇಕಲ್ಲ! ಅದಕ್ಕೆ ಅವನ ಕಂಪ್ಯೂಟರಿನಲ್ಲಿ ಲಿಮಿಟರ್ ಇತ್ತು. ಸದ್ದು ಒಂದು ಮಟ್ಟ ದಾಟದಂತೆ ತಡೆಯುವುದಷ್ಟೇ ಅದರ ಕೆಲಸ. ಈ ಮಹಾಶಯ ಮಾತ್ರ ಇಡೀ ಹಾಡನ್ನೇ ಅದಕ್ಕೆ ಒತ್ತಿ ಹಿಡಿಯುತ್ತಿದ್ದ. ಆಗ ಎತ್ತರದ ದನಿ ಅಲ್ಲೇ ನಿಲ್ಲುತ್ತಿತ್ತು, ಪಿಸುದನಿಯೂ ಮೇಲೆದ್ದು ಅದರ ಸಮಕ್ಕೆ ಬರುತ್ತಿತ್ತು.

ಹೋದ ವರ್ಷ ಕುಬೇರಪ್ಪ ತನ್ನ ಪದ ರೆಕಾರ್ಡ್ ಮಾಡಿಸಲು ಬಂದ. ನಲವತ್ತು ವರ್ಷದಿಂದ ಊರಿನ ಮೊಹರಮ್ಮಿಗೆ ರಿವಾಯತ ಪದ, ಅಂದರೆ ಕರ್ಬಲಾದ ಶೋಕದ ಹಾಡು, ಹಾಡುತ್ತಿದ್ದವನು. ತಾಯಿ ತನ್ನ ಹಸುಗೂಸಿಗೆ ಗುಟುಕು ನೀರು ಬೇಡುವ ಸಾಲಿಗೆ ಹಲಗೆಯ ಬಡಿತ ನಿಲ್ಲುತ್ತಿತ್ತು, ಅವನ ದನಿ ಇಳಿಯುತ್ತಿತ್ತು. ಬೆಂಕಿ ಹಾಕಿದ ಗುಂಡಿ, ಅಲಾಯಿ ಕುಣಿಯ ಸುತ್ತ ನಿಂತವರು ಮುಂದೆ ಬಾಗಿ ಕಿವಿಗೊಡುತ್ತಿದ್ದರು. ಜಾವೇದನ ತಾಯಿ ಮೆಹಬೂಬಬೀ ಪ್ರತಿ ವರ್ಷ ಅಲ್ಲೇ ಅಳುತ್ತಿದ್ದಳು.

ಆ ಹಾಡನ್ನೂ ಜಾವೇದ ರೂಢಿಯಂತೆ ಒತ್ತಿಬಿಟ್ಟ. ಅದು ಫೋನಿನಿಂದ ಫೋನಿಗೆ ಹರಿದಾಡಿತು, ಜನ ಭಾರಿ ಅಂದರು. ಕುಬೇರಪ್ಪ ಮಾತ್ರ ಅದನ್ನು ಕೇಳಿ ಜಾವೇದನ ಕೋಣೆಗೆ ಬಂದ.

"ತಮ್ಮಾ, ಆ ತಾಯಿ ಸಾಲು ನಾ ಹಿಂಗ ಒದರೇನೇನು?"

ಜಾವೇದನಿಗೆ ತನ್ನ ತಪ್ಪು ತಟ್ಟನೆ ಹೊಳೆಯಿತು. ಲಿಮಿಟರ್ ಸಡಿಲಿಸಿ ಹಾಡನ್ನು ಮತ್ತೊಮ್ಮೆ ಸಿದ್ಧಪಡಿಸಲು ಹತ್ತು ನಿಮಿಷ ಸಾಕಿತ್ತು. ಆದರೆ ಕಸುಬಿನ ಮರ್ಯಾದೆ ಅಡ್ಡ ಬಂತು.

"ನೀವು ಹಾಡಿದಂಗ ಬಂದೈತ್ರಿ ಕಾಕಾ."

"ಹೌದೇನು? ವಯಸ್ಸಾತು, ನನಗ ತಿಳೀವಲ್ದು," ಎಂದು ಮುದುಕ ಎದ್ದುಹೋದ. ಸುಳ್ಳು ಹೇಳಿದ ನಾಚಿಕೆ ಜಾವೇದನನ್ನು ವರ್ಷವಿಡೀ ಚುಚ್ಚಿತು. ಚುಚ್ಚಿದರೂ ಅವನು ಬಾಯಿ ಬಿಡಲಿಲ್ಲ.

ಈ ವರ್ಷ ಮೊಹರಮ್ಮಿನ ಸಂಜೆ ಅದೇ ಸಾಲು ಬಂತು. ಹಲಗೆ ನಿಂತಿತು, ಜನ ಮುಂದೆ ಬಾಗಿದರು. ಕುಬೇರಪ್ಪ ಕೊರಳಿನ ನರ ಉಬ್ಬಿಸಿ ಆ ಸಾಲನ್ನು ಒದರಿದ. ಬಾಗಿದವರು ಬೆಚ್ಚಿ ಹಿಂದೆ ಸರಿದರು. ಮೆಹಬೂಬಬೀ ಅಳಲಿಲ್ಲ.

"ಕುಬೇರಣ್ಣಗ ಏನಾಗೈತೋ?" ಎಂದು ಮಗನ ಮುಖ ನೋಡಿದಳು. ಜಾವೇದನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪದ ಮುಗಿದದ್ದೇ ಹಲಗೆಗಳು ಮತ್ತೆ ಮೊಳಗಿದವು. ಕುಬೇರಪ್ಪ ಏದುಸಿರು ಬಿಡುತ್ತ ನೇರ ಜಾವೇದನ ಬಳಿಗೆ ಬಂದು ಕಿವಿಯಲ್ಲಿ ಕೂಗಿದ: "ದಿನಾ ಫೋನಿನ್ಯಾಗ ಕೇಳಿ ಕೇಳಿ ಕಲ್ತೀನಿ ತಮ್ಮಾ. ಈಗ ಸರಿ ಬಂತಲ್ಲ?"

"ತಪ್ಪು ನಂದ್ರಿ ಕಾಕಾ, ನಂದ!" ಎಂದು ಜಾವೇದ ಅವನ ಕಾಲಿಗೆ ಬಗ್ಗಿದ. ಆ ಸದ್ದಿನಲ್ಲಿ ಮುದುಕನಿಗೆ ಒಂದು ಮಾತೂ ಕೇಳಿಸಲಿಲ್ಲ. ಹಾಡು ಮೆಚ್ಚಿ ನಮಸ್ಕಾರ ಮಾಡಿದನೆಂದುಕೊಂಡು ನಕ್ಕು, ಅವನ ತಲೆ ಸವರಿದ.