ಮನೆಯೋ, ಮನೈಯೋ

ಜೂನ್ ಹನ್ನೊಂದು, ಬುಧವಾರ, ಬೆಳಿಗ್ಗೆ ಹತ್ತೂಕಾಲು. ಆ ವಾರ ನನಗೆ ಎರಡನೇ ಪಾಳಿ. ಅಮ್ಮನ ಜೊತೆ ಕೂತು ಚಪಾತಿ ಲಟ್ಟಿಸುತ್ತಿದ್ದಾಗ ನಗರಪಾಲಿಕೆ ಕಚೇರಿಯವರೊಬ್ಬರು ಬಂದು ತಮಿಳಿನಲ್ಲಿದ್ದ ಒಂದು ಹಾಳೆ ಕೊಟ್ಟು, ಅಮ್ಮನ ಸಹಿ ಹಾಕಿಸಿಕೊಂಡು ಹೋದರು. ಪರವಾನಗಿ ಇಲ್ಲದೆ ಊಟದ ವ್ಯಾಪಾರ ನಡೆಸುತ್ತಿದ್ದೀರಿ, ತಿಂಗಳೊಳಗೆ ಪರವಾನಗಿ ಪಡೆಯಿರಿ, ಇಲ್ಲವಾದರೆ ನಿಲ್ಲಿಸಿ ಎಂದು ಅದರಲ್ಲಿತ್ತು.

ನಾವು ಮಾಲೂರಿನ ಕಡೆಯವರು. ನನಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ ಸಿಕ್ಕಿದ ಮೇಲೆ ಅಮ್ಮನೂ ನಾನೂ ಗಡಿ ದಾಟಿ ಹೊಸೂರಿನ ಮೂಕಂಡಪಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮೊದಲ ವರ್ಷ ಅಮ್ಮ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡುಗಳಿಗೆ ಕೂಲಿಗೆ ಹೋದಳು. ಔಷಧಿ ಹೊಡೆದ ದಿನ ಅವಳಿಗೆ ಉಸಿರು ಕಟ್ಟುತ್ತಿತ್ತು. ನನ್ನ ಡಬ್ಬಿಯ ಸೊಪ್ಪಿನ ಸಾರು ತಿಂದ ಕಾರ್ಖಾನೆಯ ಇಬ್ಬರು ಹುಡುಗಿಯರು ಅಮ್ಮ ತಮಗೂ ಮಾಡಿಕೊಡುತ್ತಾರಾ ಎಂದು ಕೇಳಿದ್ದರಿಂದ ಆ ಕೂಲಿ ತಪ್ಪಿತು. ಈಗ ನಮ್ಮ ಮುಂದಿನ ಕೋಣೆಯಲ್ಲಿ ಊಟಕ್ಕೆ ಬರುವವರಿಗೆಂದು ಉದ್ದನೆಯ ಎರಡು ಬೆಂಚುಗಳಿವೆ.

ಮುದ್ದೆ ಎಷ್ಟು ಜನ ಕೇಳಿದರು, ಚಪಾತಿ ಎಷ್ಟು ಜನ ಕೇಳಿದರು ಎಂದು ಕ್ಯಾಲೆಂಡರಿನ ಮೇಲೆ ಗೀಟು ಹಾಕುವುದು ನನ್ನ ಕೆಲಸ. ಕಾರ್ಖಾನೆಯ ಅಭ್ಯಾಸ. ಉತ್ತರ ಭಾರತದ ಹುಡುಗರು ಬರತೊಡಗಿದ ಮೇಲೆ ಚಪಾತಿಯ ಗೀಟು ಹೆಚ್ಚಿತು. ಅಮ್ಮ ಮುದ್ದೆಯನ್ನು ಮಂಗಳವಾರ, ಶುಕ್ರವಾರಕ್ಕೆ ಇಳಿಸಿದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಪಾತ್ರೆಯಲ್ಲಿ ಉಳಿದ ಮುದ್ದೆಯೇ ಹೇಳಿತ್ತು.

ಹಾಳೆ ಬಂದ ಸಂಜೆ ಅಮ್ಮ ಅಟ್ಟದಿಂದ ಗುಲಾಬಿ ಶೆಡ್ಡಿನ ದಪ್ಪ ಕೈಗವಸುಗಳನ್ನು ಇಳಿಸಿ ಒಗೆದು ಒಣಹಾಕಿದಳು. ದೂರು ಕೊಟ್ಟವಳು ಎದುರು ಮೆಸ್ಸಿನ ಅಕ್ಕನೇ ಎಂದು ಅವಳಿಗೆ ಖಾತ್ರಿಯಿತ್ತು. ಆಕೆ ಹೊಸೂರಿನ ಹಳೆಯ ಮನೆತನದವರು, ನಮಗಿಂತ ಮೊದಲೇ ಅಲ್ಲಿ ಮೆಸ್ಸು ಇಟ್ಟವರು. ನಾವು ಶುರುಮಾಡಿದಾಗ ಆಕೆಯಲ್ಲಿ ಉಣ್ಣುತ್ತಿದ್ದ ಕೆಲವು ಹುಡುಗರು ನಮ್ಮಲ್ಲಿಗೆ ಬಂದಿದ್ದೂ ನಿಜ.

ಅರ್ಜಿ ಹಾಕಲು ಶನಿವಾರ ಅಮ್ಮ ಒಬ್ಬಳೇ ಕಂಪ್ಯೂಟರ್ ಸೆಂಟರಿಗೆ ಹೋದಳು. ವ್ಯಾಪಾರ ಎಲ್ಲಿ ಮಾಡುತ್ತೀರಿ ಎಂದು ಅಲ್ಲಿನ ಹುಡುಗಿ ತಮಿಳಿನಲ್ಲಿ ಕೇಳಿದಳಂತೆ. ಅಮ್ಮ ತನಗೆ ಬರುವ ತಮಿಳಿನಲ್ಲಿ, "ನಮ್ಮ ಮನೆಯಿಲೇ ದಾನ್", ಅಂದರೆ ನಮ್ಮ ಮನೆಯಲ್ಲೇ, ಎಂದಳಂತೆ. ಹುಡುಗಿ ಕೇಳಿಸಿದಂತೆಯೇ ಮನೈ ಎಂದು ಒತ್ತಿದ್ದಾಳೆ. ಖಾಲಿ ನಿವೇಶನದಲ್ಲಿ ಊಟದ ವ್ಯಾಪಾರಕ್ಕೆ ಅನುಮತಿ ಕೊಡಲಾಗದು ಎಂದು ಅರ್ಜಿ ವಾಪಸ್ಸು ಬಂತು.

ಅಮ್ಮ ಒಲೆಯ ಮುಂದೆ ನಿಂತು ಗೋಡೆ, ಸೂರು ಎರಡನ್ನೂ ನೋಡಿದಳು. ಇದು ಖಾಲಿ ಹೇಗಾಗುತ್ತದೆ ಎಂದು ಕೇಳಿದಳು. ನನಗೆ ಹೊಳೆದದ್ದು ಅವಲಪಲ್ಲಿಯ ಕಡೆಯ ಬೋರ್ಡುಗಳಿಂದ. ಹೊಸದಾಗಿ ಬಂದಾಗ, ಮನೈ ಮಾರಾಟಕ್ಕಿದೆ ಎಂಬ ತಮಿಳು ಬೋರ್ಡು ಓದಿ ಮನೆ ಎಲ್ಲಿ ಎಂದು ಹುಡುಕಿದ್ದೆ. ಕಲ್ಲು ನೆಟ್ಟ ಬಯಲು ಬಿಟ್ಟು ಬೇರೇನೂ ಇರಲಿಲ್ಲ. ಇಲ್ಲಿನ ತಮಿಳಿನಲ್ಲಿ ಮನೈ ಎಂದರೆ ಸೈಟು. ವಾಸದ ಮನೆಗೆ ವೀಡು.

ಕಚೇರಿಗೆ ಹೋಗಿ ಹೇಳಿದೆ. ಕಳಿಸಿದ ಅರ್ಜಿಯಲ್ಲಿ ಪದ ತಿದ್ದಲು ಬರುವುದಿಲ್ಲ, ಸ್ಥಳ ನೋಡಿದ ಅಧಿಕಾರಿ ಬರೆದುಕೊಟ್ಟರೆ ಮಾತ್ರ ಸಾಧ್ಯ ಎಂದರು. ಅಧಿಕಾರಿ ಯಾವತ್ತು ಬರುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. ಕೊಟ್ಟ ತಿಂಗಳು ಮುಗಿಯುತ್ತ ಬಂದಿತ್ತು.

ಒಂದು ಗುರುವಾರ ಮೊದಲ ಪಾಳಿ ಮುಗಿಸಿ ಬಂದಾಗ ಅಧಿಕಾರಿ ಎದುರು ಮೆಸ್ಸಿನ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಅಮ್ಮ ಸೊಪ್ಪು ತರಲು ಹೋಗಿದ್ದಳು, ಬಾಗಿಲಿಗೆ ಬೀಗವಿತ್ತು. ಎದುರಿನ ಅಕ್ಕ ನನ್ನನ್ನು ಕಂಡದ್ದೇ ಶುರುಮಾಡಿದರು.

"ಖಾಲಿ ಸೈಟ್ ಎಲ್ಲಮ್ಮ ಅಂತ ಕೇಳ್ಕೊಂಡು ಬಂದವ್ರೆ ಇವ್ರು. ಬಯಲಾಗೆ ಚಪಾತಿ ಸುಡೋಕೆ ಅವ್ಳೇನು ಜವಳಗಿರಿ ಕಾಡಲ್ಲಿ ಅವ್ಳಾ, ಆನೆಗೆ ಬಡಿಸ್ತಾಳಾ ಅಂದೆ. ಇಲ್ಲೇ ಕುಂತ್ಕೊಳಿ, ಬತ್ತಾಳೆ ಅಂದೆ."

ಅವರು ಅಷ್ಟು ಹೇಳದೆ ನನಗೆ ಗೊತ್ತಿಲ್ಲ ಎಂದಿದ್ದರೆ ಅಧಿಕಾರಿ ಹಾಗೇ ಹಿಂತಿರುಗುತ್ತಿದ್ದರು. ನಮ್ಮ ಒಲೆ ಅಲ್ಲಿಗೆ ಆರುತ್ತಿತ್ತು.

ಅಮ್ಮ ಬಂದು ಬೀಗ ತೆಗೆದಳು. ಅಧಿಕಾರಿ ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿದರು, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಿತ್ತಲಿಗೆ ಹೋದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋದಳು.

"ನೀವ್ ನೋಡೋದು ಬೇಡ ಅನ್ನಲ್ಲ ಸಾರ್. ದಿನಾ ಬಂದ್ ನೋಡಿ. ಆದ್ರೆ ನೋಡೋಕ್ ಮುಂಚೆನೇ ಬೇಡ ಅಂದ್ರೆ ಏನ್ ನೋಡಿ ಅಂದ್ರಿ?"

ಅವರು ನಕ್ಕು, ಪದ ನೋಡಿ ಅಂದದ್ದಮ್ಮ ಎಂದರು. ಬೆಂಚಿನ ಮೇಲೆ ಹಾಳೆ ಇಟ್ಟು ವೀಡು ಎಂದು ಬರೆದು, ಸಹಿ ಮಾಡಿದರು. ಒಂದೊಂದೇ ಬೀದಿ ನೋಡಿಕೊಂಡು ಬರುತ್ತಿದ್ದೇವೆ, ಯಾರೂ ದೂರು ಕೊಟ್ಟದ್ದಲ್ಲ ಎಂದೂ ಹೇಳಿದರು. ಅಮ್ಮ ತಲೆ ತಗ್ಗಿಸಿ ಸೊಪ್ಪು ಬಿಡಿಸತೊಡಗಿದಳು.

ಅವರು ಹೋದ ಮೇಲೆ ಅಮ್ಮ ಎದುರಿನ ಅಕ್ಕನನ್ನು ಕೇಳಿಯೇ ಬಿಟ್ಟಳು, ಯಾಕೆ ಉಳಿಸಿದಿರಿ ಎಂದು.

"ಅಯ್ಯೋ, ನಿನ್ ಮೇಲಿನ ಪ್ರೀತೀಗಲ್ಲ ಕಣಮ್ಮ. ನೀನ್ ಬರೋಕ್ ಮುಂಚೆ ಈ ಬೀದೀಗೆ ಯಾವನ್ ಬತ್ತಿದ್ದ? ಎಲ್ಲಾ ಹೈವೇ ಹೋಟ್ಲಿಗೇ. ಈಗ ನಿನ್ ತಾವ ಜಾಗ ಇಲ್ದಿದ್ರೆ ನನ್ ತಾವ ಬತ್ತಾರೆ, ನನ್ ತಾವ ಇಲ್ದಿದ್ರೆ ನಿನ್ ತಾವ. ಒಂದ್ ಮುಚ್ಚುದ್ರೆ ಇನ್ನೊಂದೂ ಹೋಯ್ತು ಅಂದ್ಕೊ."

ಮಾರುಕಟ್ಟೆ ಎಂದರೆ ಒಬ್ಬರು ಇನ್ನೊಬ್ಬರ ಗಿರಾಕಿಯನ್ನು ಕಿತ್ತುಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ನಮ್ಮ ಬೀದಿಯಲ್ಲಿ ಅದು ಗಿರಾಕಿಯನ್ನು ಹುಟ್ಟಿಸಿತ್ತು.

ಪರವಾನಗಿ ಬಂದ ದಿನ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅಮ್ಮ ಅದೇ ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆದಳು. ಹಾಳೆ ಬಂದಾಗಿನಿಂದ ಅವಳು ಹಗಲು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಗುಲಾಬಿ ಶೆಡ್ಡಿನ ಕೈಗವಸು ಈಗ ಸಾರಿನ ಪಾತ್ರೆ ಇಳಿಸಲು ಒಲೆಯ ಪಕ್ಕದ ಮೊಳೆಗೆ ಬಂದಿದೆ.

ಮುಂದಿನ ವಾರ ಬೀದಿಯ ಮೂಲೆಯಲ್ಲಿ ಹೊಸದೊಂದು ದೋಸೆ ಗಾಡಿ ನಿಂತಿತು. ಅಮ್ಮ ಸೊಂಟದ ಮೇಲೆ ಕೈಯಿಟ್ಟು, ಇವನ ಹತ್ತಿರ ಪರವಾನಗಿ ಇದೆಯೋ ಇಲ್ಲವೋ ಎಂದಳು.

ಎದುರಿನ ಅಕ್ಕ ಜಗುಲಿಯಿಂದಲೇ ಅಂದರು, "ನಿನ್ ಪೇಪರ್ ಮಸಿ ಇನ್ನೂ ಆರಿಲ್ಲ, ಆಗ್ಲೇ ಆಫೀಸರ್ ಆಗ್ಬುಟ್ಯಾ?"

ಅಮ್ಮ ನಗದೆ ಇರಲಾಗಲಿಲ್ಲ. ಸಂಜೆ ತಾನೇ ಹೋಗಿ ದೋಸೆ ತಂದಳು. ಚಟ್ನಿಗೆ ಉಪ್ಪು ಸಾಲದು ಎಂದಳು, ಪೂರ್ತಿ ತಿಂದಳು.

ಕಚೇರಿಯೇ ಬೇಡ ಎನ್ನುವವಳಲ್ಲ ನಾನು. ನೀರು, ಚರಂಡಿ ನೋಡುವವರು ಬೇಕು. ಆದರೆ ಸಾರು ಕೆಟ್ಟರೆ ನಮ್ಮ ಹುಡುಗರು ಮರುದಿನವೇ ರಸ್ತೆ ದಾಟುತ್ತಾರೆ. ಮೊದಲು ಅನುಮತಿ, ಆಮೇಲೆ ಅಡುಗೆ ಎನ್ನುವಲ್ಲಿ ಒಂದು ಪದಕ್ಕೇ ಒಲೆ ಆರಬಹುದು. ಮೊದಲು ತಿಳಿಸಿ ಒಲೆ ಹಚ್ಚಿ, ನಾವು ಬಂದು ನೋಡುತ್ತೇವೆ ಎನ್ನುವ ಊರು ಎಲ್ಲಾದರೂ ಇದ್ದರೆ, ಅಲ್ಲಿ ಬೀದಿಯ ಮೆಸ್ಸುಗಳು ಹೇಗೆ ನಡೆಯುತ್ತಿವೆ ಎಂದು ಬಲ್ಲವರು ನನಗೆ ಬರೆದು ತಿಳಿಸಿ. ಗಡಿಯ ಈಚೆ ಅರ್ಥ ಬದಲಿಸುವ ಮನೆಯಂಥ ಪದಗಳು ಇನ್ನೂ ಇದ್ದರೆ ಅವನ್ನೂ ಬರೆಯಿರಿ. ಪರವಾನಗಿ ನವೀಕರಿಸುವ ಹೊತ್ತಿಗೆ ಬೇಕಾಗುತ್ತವೆ.