ಭಂಡಾರ ಸಿಗುತ್ತಿಲ್ಲ

ಯಂತ್ರಗಳಿಗೆ ನಾಚಿಕೆಯಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಕೇಳಿದ್ದು ತಮ್ಮಲ್ಲಿಲ್ಲದಿದ್ದರೆ ಅವು ‘ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಮಿಣುಕುವ ಗೀಟೊಂದನ್ನು ಎದುರಿಗಿಟ್ಟು, ಮುಂದಿನ ಅಪ್ಪಣೆಗೆ ಕಾಯುತ್ತ ಕೂರುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಹಾಗಲ್ಲ. ಡಬ್ಬಿಯಲ್ಲಿ ಅರಿಶಿನ ಮುಗಿದರೆ ‘ಮುಗಿಯಿತು’ ಎನ್ನುವಂತಿಲ್ಲ, ‘ಹೆಚ್ಚಾಗಿದೆ’ ಎನ್ನಬೇಕು. ಕೈಯ ಬಳೆ ಒಡೆದರೂ ಅದು ‘ಹೆಚ್ಚಿತು’. ಹೊರಟು ನಿಂತವರು ‘ಹೋಗುತ್ತೇನೆ’ ಎಂದರೆ ಹಿಂದಕ್ಕೆ ಕರೆಸಿ ‘ಹೋಗಿ ಬರುತ್ತೇನೆ’ ಎಂದು ಹೇಳಿಸುತ್ತಾರೆ. ‘ಇಲ್ಲ’ ಎಂಬ ಎರಡಕ್ಷರವನ್ನು ಬಾಯಿಗೆ ತಂದುಕೊಳ್ಳದೆಯೇ ಸಂಸಾರ ತೂಗಿಸಬಲ್ಲ ಹೆಂಗಸರು ಹೊಳಲ್ಕೆರೆ ಸೀಮೆಯಲ್ಲಿದ್ದಾರೆ, ಅವರಲ್ಲೊಬ್ಬರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಯಂತ್ರದ ಭಾಷೆಗೂ ಅತ್ತೆಯ ಭಾಷೆಗೂ ನಡುವೆ ಸಿಕ್ಕಿಕೊಂಡು ನಾನು ಪಟ್ಟ ಪಾಡನ್ನು ಹೇಳಲಿಕ್ಕೇ ಈ ಪೀಠಿಕೆ.

ನಾನು ಹೊಸದುರ್ಗದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಹೊಸ ಶತಮಾನಕ್ಕೆ ಇನ್ನೂ ಹಾಲುಹಲ್ಲು ಬೀಳದಿದ್ದ ಆ ಕಾಲದಲ್ಲಿ ನನಗೆ ಎರಡು ವ್ಯಸನಗಳು ಒಟ್ಟಿಗೇ ಅಂಟಿಕೊಂಡವು. ಮೊದಲನೆಯದು ಕಂಪ್ಯೂಟರನ್ನು ನಡೆಸುವ ಲಿನಕ್ಸ್. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆಗೆ ಪುಕ್ಕಟೆಯಾಗಿ ಬಂದ ಸೀಡಿಯೊಳಗಿದ್ದ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಹಂಚಬಹುದಾದ ಆ ತಂತ್ರಾಂಶ ನನ್ನಂಥ ಕೃಪಣನಿಗೂ ದಾನಶೂರನ ಗತ್ತನ್ನು ತಂದುಕೊಟ್ಟಿತು. ಎರಡನೆಯದು, ಅದರ ಪರಿಭಾಷೆಯನ್ನೆಲ್ಲ ಕನ್ನಡಕ್ಕೆ ತಂದೇ ತೀರುವೆನೆಂಬ ಹುಚ್ಚು. ಇನ್‌ಸ್ಟಾಲ್ ಮಾಡುವುದು ನನ್ನ ಬಾಯಲ್ಲಿ ‘ಪ್ರತಿಷ್ಠಾಪನೆ’ಯಾಯಿತು. ಲಿನಕ್ಸಿಗೆ ಬೇಕಾದ ಬಿಡಿ ಸಾಮಾನುಗಳನ್ನೆಲ್ಲ ಅಂತರ್ಜಾಲದಲ್ಲಿ ಎಲ್ಲೋ ಒಂದು ಕಡೆ ಕೂಡಿಟ್ಟಿರುತ್ತಾರೆ, ನಮ್ಮ ಕಂಪ್ಯೂಟರು ಬೇಕಾದಾಗ ಅಲ್ಲಿಂದ ತರಿಸಿಕೊಳ್ಳುತ್ತದೆ. ಬಲ್ಲವರು ರೆಪಾಸಿಟರಿ ಎನ್ನುವ ಆ ತಾಣಕ್ಕೆ ನಾನಿಟ್ಟ ಹೆಸರು ‘ಭಂಡಾರ’.

ಉಗ್ರಾಣ ಎಂದಿದ್ದರೂ ಸಾಕಾಗಿತ್ತು. ಆದರೆ ಉಗ್ರಾಣವೆಂದರೆ ಮದುವೆಮನೆಯ ಕುಂಬಳಕಾಯಿಯ ವಾಸನೆ ಬರುತ್ತದೆಂದು ನನ್ನ ಪಾಂಡಿತ್ಯ ಒಪ್ಪಲಿಲ್ಲ. ನಾನು ಅಳಿಯನಾಗಿ ಹೋದದ್ದು ಬಿ.ದುರ್ಗದ ಕುರಿ ಸಾಕುವ ಮನೆತನಕ್ಕೆ. ಮೈಲಾರಲಿಂಗನ ಒಕ್ಕಲಾದ ಅವರಿಗೆ ಭಂಡಾರವೆಂದರೆ ದೇವರ ಅರಿಶಿನದ ಪುಡಿ, ಅದನ್ನು ಹಣೆಗಿಡದೆ ಅವರು ಯಾವ ಶುಭಕಾರ್ಯಕ್ಕೂ ಕೈಹಾಕುವವರಲ್ಲ. ವರ್ಷಗಟ್ಟಲೆ ಅದೇ ಭಂಡಾರವನ್ನು ಹಣೆಗೆ ಹಚ್ಚಿಸಿಕೊಂಡು, ಅವರ ಮನೆಯ ಹೋಳಿಗೆ ಉಂಡು ಬಂದ ನನಗೆ ಈ ಅರ್ಥ ಹೊಳೆಯಲೇ ಇಲ್ಲ. ಭಂಡಾರದೊಳಗೆ ಒಬ್ಬ ಭಂಡನೂ ಅಡಗಿದ್ದಾನೆಂಬುದು ತಡವಾಗಿ ತಿಳಿಯಿತು.

ಅತ್ತೆಯ ಕಿರಿಯ ಮಗ, ನನ್ನ ಭಾಮೈದ ತಿಪ್ಪೇಶ, ಹೊಲ ಕುರಿಗಳನ್ನು ಅಣ್ಣಂದಿರಿಗೆ ಬಿಟ್ಟು ಹೊಳಲ್ಕೆರೆಯ ತಾಲ್ಲೂಕು ಕಚೇರಿಯ ಹತ್ತಿರ ಟೈಪಿಂಗ್ ಅಂಗಡಿ ತೆರೆಯಲು ನಿಶ್ಚಯಿಸಿದ. ಕಚೇರಿಗೆ ಬರುವವರ ಅರ್ಜಿಗಳನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಮುದ್ರಿಸಿಕೊಡುವುದೇ ಅವನ ಕಸುಬಾಗಬೇಕಿತ್ತು. ಅವನು ಕೊಂಡ ಹಳೆಯ ಕಂಪ್ಯೂಟರಿನಲ್ಲಿ ಊರೆಲ್ಲ ಕದ್ದು ಹಾಕಿಕೊಳ್ಳುತ್ತಿದ್ದ ತಂತ್ರಾಂಶ ಆಗಲೇ ಇತ್ತು, ಕನ್ನಡವೂ ಮುದ್ದಾಗಿ ಮೂಡುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಕದ್ದ ಮಾಲಿನಿಂದ ಹೊಸ ಬದುಕು ಶುರುಮಾಡಬಾರದೆಂದು ಉಪದೇಶ ಮಾಡಿ, ಪ್ರಾರಂಭದ ಹಿಂದಿನ ದಿನ ಅದನ್ನೆಲ್ಲ ಅಳಿಸಿ ಲಿನಕ್ಸನ್ನು ಪ್ರತಿಷ್ಠಾಪಿಸಿದೆ. ಆ ಪ್ರತಿಷ್ಠಾಪನೆಯಲ್ಲಿ ಯಾರ ಪ್ರತಿಷ್ಠೆ ದೊಡ್ಡದಾಗಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ.

“ಭಾವ, ನಾಳೆ ಚಿಕ್ಕಜಾಜೂರಿನೋರು ಬರ್ತಾರೆ. ಎಡವಟ್ಟಾಗಾಕಿಲ್ಲ ತಾನೇ?” ಎಂದು ತಿಪ್ಪೇಶ ಒಂದೇ ಒಂದು ಸಲ ಕೇಳಿದ. ಚಿಕ್ಕಜಾಜೂರಿನವರೆಂದರೆ ಅವನಿಗೆ ಹೆಣ್ಣು ಕೊಡಲು ಯೋಚಿಸುತ್ತಿದ್ದ ರೈಲ್ವೆ ನೌಕರರು. ಹುಡುಗನ ಅಂಗಡಿ ನೋಡಿ ಮುಂದಿನ ಮಾತು ಎಂದು ಅವರು ಹೇಳಿ ಕಳಿಸಿದ್ದರು. ನಾನು ನಕ್ಕು ಅವನ ಬೆನ್ನು ತಟ್ಟಿದೆ.

ಮರುದಿನ ಅತ್ತೆ ತಂದ ಸಾಮಾನಿನಲ್ಲಿ ಅವಸರದ ಪೂಜೆ ಮುಗಿಯಿತು, ಕಾಯಿ ಒಡೆದಾಯಿತು. ಪಹಣಿಯಲ್ಲಿ ತಪ್ಪಾಗಿದ್ದ ಹೆಸರನ್ನು ತಿದ್ದಿಸಲು ಬಂದಿದ್ದ ಹಿರಿಯರೊಬ್ಬರನ್ನು ಮೊದಲ ಗಿರಾಕಿಯೆಂದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಚಿಕ್ಕಜಾಜೂರಿನವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು ನಿಂತರು. ತಿಪ್ಪೇಶ ‘ಮಾನ್ಯರೇ’ ಎಂದು ಒತ್ತಿದ. ಪರದೆಯ ಮೇಲೆ ಮೂಡಿದ್ದು ಸಾಲಾಗಿ ನಿಂತ ಖಾಲಿ ಚೌಕಗಳು. ಕನ್ನಡದ ಅಕ್ಷರಗಳು ಸೀಡಿಯಲ್ಲಿ ಬಂದಿರಲಿಲ್ಲ, ಅವನ್ನು ಭಂಡಾರದಿಂದ ತರಿಸಿಕೊಳ್ಳಬೇಕಾಗಿತ್ತು. ಇಷ್ಟೇ ತಾನೇ ಎಂದು ಗತ್ತಿನಿಂದ ಟೆಲಿಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆಜ್ಞೆ ಕೊಟ್ಟೆ. ಅದು ಕೀರಲು ದನಿಯಲ್ಲಿ ಒಂದಿಷ್ಟು ಕಿರುಚಿ, ಎಲ್ಲಿಗೋ ಹೋಗಿ ಬಂದು, ಆ ವಿಳಾಸದಲ್ಲಿ ಅಂಥದ್ದೇನೂ ಇಲ್ಲವೆಂದಿತು. ಇನ್ನೊಮ್ಮೆ ಕೊಟ್ಟೆ, ಇನ್ನೊಮ್ಮೆ ಅಂದಿತು. ನಾನು ಬೆವರು ಒರೆಸಿಕೊಂಡೆ.

ಚಿತ್ರದುರ್ಗದಲ್ಲಿ ನನ್ನ ಲಿನಕ್ಸ್ ವ್ಯಸನದ ಒಡನಾಡಿ ಚಂದ್ರಣ್ಣನಿದ್ದ. ಇದ್ದದ್ದು ಒಂದೇ ತಂತಿಯಾದ್ದರಿಂದ ಅದನ್ನು ಕಂಪ್ಯೂಟರಿನಿಂದ ಕಿತ್ತು ಫೋನಿಗೆ ಸಿಕ್ಕಿಸಿ ಅವನನ್ನು ಹಿಡಿದೆ. ಆ ಕಡೆಯ ದನಿ ಪಾತಾಳದಿಂದ ಬಂದಂತಿದ್ದುದರಿಂದ ಈ ಕಡೆಯಿಂದ ನಾನು ಬೀದಿಗೆಲ್ಲ ಕೇಳುವಂತೆ ಕೂಗಬೇಕಾಯಿತು.

“ಚಂದ್ರಣ್ಣಾ, ಭಂಡಾರ ಸಿಗ್ತಾ ಇಲ್ಲ! ಹೂಂ, ಇರಬೇಕಾದ ಜಾಗದಾಗೇ ಇಲ್ಲ! ಬರೀ ಖಾಲಿ ಡಬ್ಬಿ ಕಾಣ್ತಾವೆ! ಭಂಡಾರ ಇಲ್ದೆ ಕೆಲ್ಸ ಹೆಂಗೆ ಶುರು ಮಾಡಾದು? ನೆಂಟ್ರ ಮುಂದೆ ಮರ್ಯಾದೆ ಹೋಗಾಕತ್ತೈತೆ!”

ಚಂದ್ರಣ್ಣ ಕಾರಣ ಹೇಳಿದ. ನನ್ನ ಸೀಡಿ ಹಳೆಯದು, ಆ ಆವೃತ್ತಿಯ ಸಾಮಾನುಗಳನ್ನು ಹಳೆಯ ವಿಳಾಸದಿಂದ ಬೇರೆ ಕಡೆಗೆ ಸಾಗಿಸಿಬಿಟ್ಟಿದ್ದಾರೆ, ಹೊಸ ವಿಳಾಸ ಹುಡುಕಿ ಸಂಜೆ ತಿಳಿಸುತ್ತೇನೆ ಎಂದ. ಫೋನಿಟ್ಟು ತಿರುಗಿದರೆ ಅಂಗಡಿಯಲ್ಲಿ ಅತ್ತೆಯಿರಲಿಲ್ಲ. ಏನೋ ಮರೆತು ಬಂದರಂತೆ, ಊರಿನ ಬಸ್ಸು ಹತ್ತಿದರು ಎಂದು ನನ್ನ ಹೆಂಡತಿ ಹೇಳಿದಳು. ನಾನು ಅದನ್ನು ಮನಸ್ಸಿಗೆ ಹಾಕಿಕೊಳ್ಳದೆ ಚಿಕ್ಕಜಾಜೂರಿನವರಿಗೆ ಸ್ವತಂತ್ರ ತಂತ್ರಾಂಶದ ತತ್ತ್ವವನ್ನು ವಿವರಿಸತೊಡಗಿದೆ.

ಎಲ್ಲರ ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಬಂದರು. ಊಟವಿಲ್ಲದೆ ಬಿಸಿಲಲ್ಲಿ ಹೋಗಿ ಬಂದ ಮುಖ ಬಾಡಿತ್ತು. ಸೆರಗಿನ ತುದಿಯ ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

“ತಪ್ಪಾತು ಅಳಿಯಂದ್ರೇ. ಪೂಜೆ ಸಾಮಾನಿನಾಗೆ ಭಂಡಾರ ಇಡಾದೇ ಮರ್ತಿದ್ದೆ. ನೆಂಟ್ರ ಮುಂದೆ ನಿಮ್ಮ ಮರ್ಯಾದೆ ಕಳ್ದೆ. ಗುಡಿಯಿಂದ್ಲೇ ತಂದೀನಿ, ಸಿಟ್ಟು ಮಾಡ್ಕಬ್ಯಾಡ್ರಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಉಳಿದವರಿಗೆ ಅಷ್ಟೂ ಬೇಕಾಗಲಿಲ್ಲ. ಚಿಕ್ಕಜಾಜೂರಿನವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದರು, ನನ್ನ ಹೆಂಡತಿ ಗೋಡೆಯ ಕಡೆ ತಿರುಗಿದಳು. ತಿಪ್ಪೇಶ “ಅವ್ವಾ, ಭಾವ ಅಂದಿದ್ದು ಆ ಭಂಡಾರ…” ಎಂದು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ನಾಚಿಕೆ ಎಂಬುದನ್ನು ನಾನು ಅದುವರೆಗೆ ತರಗತಿಯಲ್ಲಿ ಪಾಠ ಮಾಡಿದ್ದೆ, ಅಷ್ಟೇ. ಅದು ಕಿವಿಯ ತುದಿಯಲ್ಲಿ ಹತ್ತಿ ಕತ್ತಿನ ಕೆಳಗೆ ಇಳಿಯುತ್ತದೆಂಬುದು ಆ ದಿನ ಅನುಭವಕ್ಕೆ ಬಂತು. ನನ್ನ ಪಾಂಡಿತ್ಯದ ಒಂದು ಪದ ಒಬ್ಬ ಹೆಂಗಸನ್ನು ಉಪವಾಸ ಓಡಿಸಿ, ತನ್ನದಲ್ಲದ ತಪ್ಪಿಗೆ ಹತ್ತು ಜನರೆದುರು ಕ್ಷಮೆ ಕೇಳಿಸಿತ್ತು. ನಿಜ ಹೇಳಿದರೆ ಅಂಗಡಿಯೇ ಗೊಳ್ಳೆಂದು ನಗುತ್ತದೆ, ಅತ್ತೆ ಹೊಸ ಬೀಗರ ಎದುರು ನಗೆಪಾಟಲಾಗುತ್ತಾರೆ. ಹೇಳದಿದ್ದರೆ, ಅರಿಶಿನದ ಪುಡಿಗಾಗಿ ಅತ್ತೆಯನ್ನು ಗದರಿಸಿ ಊರಿಗೆ ಅಟ್ಟಿದ ಅಳಿಯನೆಂಬ ಹೆಸರು ಬಿ.ದುರ್ಗದಲ್ಲಿ ನನಗೆ ನಿಲ್ಲುತ್ತದೆ. ನಾನು ಎದ್ದು ಹೋಗಿ ಅವರ ಮುಂದೆ ತಲೆ ಬಗ್ಗಿಸಿ “ಹಚ್ರಿ ಅತ್ತೆ” ಎಂದೆ.

ಅತ್ತೆ ಒಂದು ಕ್ಷಣ ಸುತ್ತ ನೋಡಿದರು. ಆಮೇಲೆ ನನ್ನ ಹಣೆಗೂ ಮಗನ ಹಣೆಗೂ ಕಂಪ್ಯೂಟರಿನ ನೆತ್ತಿಗೂ ಭಂಡಾರ ಹಚ್ಚಿ “ಏಳುಕೋಟಿ ಏಳುಕೋಟಿಗೋ!” ಎಂದು ಮೈಲಾರನ ಜಯಘೋಷವನ್ನು ಗಟ್ಟಿಯಾಗಿ ಕೂಗಿದರು. ನಗು ತಡೆದುಕೊಂಡಿದ್ದವರೆಲ್ಲ ಆ ಕೂಗಿಗೆ ದನಿಗೂಡಿಸಿ ಬಚಾವಾದರು. ಕಂಪ್ಯೂಟರು ಮಾತ್ರ ತನ್ನ ಹಟ ಬಿಡಲಿಲ್ಲ. ಕಡೆಗೆ ತಿಪ್ಪೇಶ ಬಿಳಿ ಹಾಳೆ ಎಳೆದುಕೊಂಡು ಆ ಹಿರಿಯರ ಅರ್ಜಿಯನ್ನು ಕೈಯಲ್ಲೇ ಬರೆದುಕೊಟ್ಟ. ಕಂಪ್ಯೂಟರ್ ಅಂಗಡಿಯ ಮೊದಲ ಕೆಲಸ ಪೆನ್ನಿನಿಂದ ಆಯಿತು. ಚಿಕ್ಕಜಾಜೂರಿನವರು ಅದನ್ನು ಎತ್ತಿ ಹಿಡಿದು ಓದಿ “ಅಕ್ಷರ ದುಂಡಗವೆ” ಎಂದರು, ಮುಂದೆ ಹೆಣ್ಣನ್ನೂ ಕೊಟ್ಟರು.

ಸಂಜೆ ಚಂದ್ರಣ್ಣ ಕೊಟ್ಟ ವಿಳಾಸ ತಿದ್ದಿದೊಡನೆ ಕನ್ನಡವೂ ಬಂತು. ಮೈಲಾರನ ಭಂಡಾರ ಹಚ್ಚಿದ ಮೇಲೆಯೇ ಮಿಷನ್ನು ಬಾಯಿಬಿಟ್ಟಿತೆಂದು ಅತ್ತೆ ಊರಲ್ಲೆಲ್ಲ ಹೇಳಿದರು. ನಾನು ತಿದ್ದಲಿಲ್ಲ. ನೆನೆದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು, ನಿಜ. ಆದರೂ ಅತ್ತೆಯ ಮಾನ ಉಳಿಸಿದವನು ನಾನೆಂಬ ಒಂದು ಸಮಾಧಾನವನ್ನು ಒಳಗೊಳಗೇ ಸಾಕಿಕೊಂಡಿದ್ದೆ.

ಕೆಲವು ವರ್ಷಗಳ ನಂತರ ಅದೇ ಅಂಗಡಿಯಲ್ಲಿ ಹೊಸ ಆವೃತ್ತಿ ಹಾಕಲು ಕೂತಿದ್ದೆ. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿದ್ದರು. ಕಂಪ್ಯೂಟರು ಮತ್ತೆ ಅದೇ ರಾಗ ತೆಗೆಯಿತು. “ಲೇ ತಿಪ್ಪೇಶ, ಈ ಭಂ…” ಎಂದವನು ಅತ್ತೆಯನ್ನು ನೋಡಿ ಉಳಿದದ್ದನ್ನು ನುಂಗಿಕೊಂಡೆ.

“ಅನ್ರಿ ಅಳಿಯಂದ್ರೇ, ಯಾಕೆ ನುಂಗ್ತೀರಿ?” ಎಂದರು ಅತ್ತೆ. “ನಂಗೆ ಅವತ್ತೇ ಗೊತ್ತಾಗಿತ್ತು. ತಪ್ಪಾತು ಅಂತ ಬಾಯಿಬಿಟ್ಟ ಮ್ಯಾಲೆ ಎಲ್ರ ಮಕ ನೋಡ್ದೆ. ಏನೋ ಎಡವಟ್ಟು ಮಾಡ್ಕಂಡೀನಿ ಅನ್ಕಂಡೆ. ಅಷ್ಟೊತ್ತಿಗೆ ನೀವು ಎದ್ದು ಬಂದು ತಲೆ ಬಗ್ಗಿಸಿಬಿಟ್ರಿ. ನಿಮ್ಮ ಕಿವಿ ಕೆಂಪಗಾಗಿದ್ವು. ಹಂಗೇ ಬಿಟ್ರೆ ಬೀಗ್ರ ಮುಂದೆ ನಿಮ್ಮ ಮಾನ ಹೋಗ್ತಿತ್ತಲ್ಲ, ಅದ್ಕೇ ಜೋರಾಗಿ ಏಳುಕೋಟಿ ಅಂದ್ಬಿಟ್ಟೆ.”

ಯಾರ ಮಾನವನ್ನು ಯಾರು ಉಳಿಸಿದ್ದೆಂಬ ಲೆಕ್ಕ ಒಂದೇ ಏಟಿಗೆ ತಿರುವುಮುರುವಾಯಿತು. ನಾನು ಪರದೆಯ ಕಡೆಗೆ ಮುಖ ತಿರುಗಿಸಿದೆ. ಅಲ್ಲಿ ಯಂತ್ರ ‘ಸಿಗಲಿಲ್ಲ’ ಎಂದು ಹೇಳಿ, ನಾಚದೆ, ಮಿಣುಕುತ್ತ ಕೂತಿತ್ತು. ಅದರ ಭಂಡತನದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

“ಭಂಡಾರ ಅಂತ್ಲೇ ಅನ್ರಿ,” ಎಂದರು ಅತ್ತೆ ಬೆನ್ನ ಹಿಂದಿನಿಂದ, “ಈ ಸಲ ನಾನು ಬಸ್ ಹತ್ತಾಕಿಲ್ಲ.”