ಒಂದು ಗೆರೆ ಆಚೀಚೆ

ನಮ್ಮ ಸಂಜೆ ಕಾಲೇಜಿನಲ್ಲಿ ಕಂಪ್ಯೂಟರಿನಲ್ಲೇ ಬರೆಯುವ ಪರೀಕ್ಷೆ ನಡೆಸುವ ಹೊಣೆ ನನ್ನ ಹೆಗಲಿಗೆ ಬಿದ್ದದ್ದು ನಾನು ಒಂದು ಮೀಟಿಂಗಿಗೆ ತಡವಾಗಿ ಹೋದದ್ದರಿಂದ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು, ಬೆವರು ಒರೆಸುತ್ತಾ ಒಳಗೆ ಕಾಲಿಟ್ಟಾಗ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಾಕೆಂದು ಗೊತ್ತಾಗದೆ ನಾನೂ ತಟ್ಟಿದೆ. ಒಪ್ಪಿಗೆ ಕೊಟ್ಟ ಹಾಗಾಯಿತು.

ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ಸು ಇರುವುದು ವೈಟ್‌ಫೀಲ್ಡ್ ಕಡೆ. ಅಲ್ಲಿ ಗಾಜಿನ ಗೋಡೆ, ಹುಲ್ಲುಹಾಸು, ಗುಂಡಿ ಒತ್ತಿದರೆ ಕಾಫಿ. ನಮ್ಮದು ಪೀಣ್ಯದ ಶಾಖೆ, ಬಾಡಿಗೆ ಕಟ್ಟಡವೊಂದರ ಎರಡನೇ ಮಹಡಿ. ಕೆಳಗೆ ಗೇರ್ ಕತ್ತರಿಸುವ ಶಾಪು, ಪಕ್ಕದಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು. ಹಗಲೆಲ್ಲ ಕಾರ್ಖಾನೆಗಳಲ್ಲಿ ದುಡಿದು ಸಂಜೆ ಆರಕ್ಕೆ ಬಂದು ಕೂರುವವರೇ ನಮ್ಮ ವಿದ್ಯಾರ್ಥಿಗಳು. ಅವರಿಗೆ ನಾನು ಪಾಠ ಮಾಡುವುದು ಮೆಟ್ರಾಲಜಿ, ಅಂದರೆ ಅಳತೆಯ ವಿದ್ಯೆ. ಜಗತ್ತಿನಲ್ಲಿ ಯಾವ ವಸ್ತುವನ್ನೂ ಕರಾರುವಾಕ್ಕಾಗಿ ಇಷ್ಟೇ ಎಂದು ಮಾಡಲು ಬರುವುದಿಲ್ಲ, ಆದ್ದರಿಂದ ಪ್ರತಿಯೊಂದು ಅಳತೆಯ ಪಕ್ಕದಲ್ಲೂ ಎಷ್ಟು ಹೆಚ್ಚು, ಎಷ್ಟು ಕಡಿಮೆ ಆದರೆ ನಡೆದೀತು ಎಂದು ಬರೆಯಲೇಬೇಕು ಎನ್ನುವುದು ನನ್ನ ಮೊದಲನೇ ಪಾಠ. ಆ ಹೆಚ್ಚುಕಡಿಮೆಗೆ ಟಾಲರೆನ್ಸ್ ಎನ್ನುತ್ತಾರೆ. ಅದನ್ನು ಬರೆಯದ ಡ್ರಾಯಿಂಗನ್ನು ಹರಿದು ಬಿಸಾಕಿ ಎಂದು ಪ್ರತಿ ವರ್ಷವೂ ಮೇಜು ಕುಟ್ಟಿ ಹೇಳುತ್ತೇನೆ.

ಪರೀಕ್ಷೆಯ ತಯಾರಿ ಶುರುವಾಯಿತು. ನಮ್ಮ ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರು ನಿವೃತ್ತಿಗೆ ಹತ್ತಿರವಾದವರು. ಕಾಗದವೇ ಬೇಡದ ಪರೀಕ್ಷೆ ಎಂದು ನಾನು ವಿವರಿಸಿದ್ದನ್ನೆಲ್ಲ ಅವರು ಗೌರವದಿಂದ ಕೇಳಿಸಿಕೊಂಡರು.

"ಸಂತೋಷ ಮೇಡಂ. ಅದನ್ನ ಮೂರು ಪ್ರತಿ ಪ್ರಿಂಟ್ ತೆಗ್ದು ಪ್ರತಿ ಪುಟಕ್ಕೂ ಸಹಿ ಹಾಕ್ಕೊಡಿ."

"ಸಾರ್, ಪ್ರಶ್ನೆಪತ್ರಿಕೆ ಕಂಪ್ಯೂಟರ್ ಒಳಗೇ ಇರುತ್ತೆ."

"ಇರ್ಲಿ ಮೇಡಂ, ಒಳಗೂ ಇರ್ಲಿ."

ಪ್ರಶ್ನೆಗಳಿದ್ದ ಪೆನ್‌ಡ್ರೈವನ್ನು ಅವರು ಬಟ್ಟೆ ಅಂಟಿಸಿದ ಲಕೋಟೆಯಲ್ಲಿಟ್ಟು, ಮೇಣದಬತ್ತಿ ಹಚ್ಚಿ, ಅರಗು ಕರಗಿಸಿ, ಮೂರು ಕಡೆ ಮುದ್ರೆ ಒತ್ತಿದರು. ಲಕೋಟೆ ಒಡೆದು ನೋಡಿದರೆ ಪೆನ್‌ಡ್ರೈವಿನ ಪ್ಲಾಸ್ಟಿಕ್ಕು ಅರಗಿನ ಬಿಸಿಗೆ ಬೆಂದು ಡೊಂಕಾಗಿತ್ತು. ಗೋಪ್ಯತೆಗೇನೂ ಭಂಗ ಬಂದಿರಲಿಲ್ಲ, ಯಾಕೆಂದರೆ ಅದನ್ನು ತೆರೆಯಲು ನನ್ನಿಂದಲೂ ಆಗಲಿಲ್ಲ. ಇನ್ನೊಂದನ್ನು ಅರಗಿಲ್ಲದೆ ತಯಾರಿಸಿದೆವು.

ಲ್ಯಾಬಿನ ಅಟೆಂಡರ್ ಪೀಣ್ಯದ ಹಳೇ ಊರಿನವರು. ಅಜ್ಜನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದ್ದೇ ನಾಲ್ಕು ಬಾಡಿಗೆ ಮನೆಗಳಿವೆ. ಮನೆಯಲ್ಲಿ ಕೂತರೆ ಹೆಂಡತಿ ಕೆಲಸ ಹೇಳುತ್ತಾಳೆ ಎಂಬ ಕಾರಣಕ್ಕೆ ನಮ್ಮಲ್ಲಿ ನೌಕರಿಗೆ ಬರುವವರು. ನಮ್ಮಲ್ಲಿ ಯಾರಾದರೂ ಕೆಲಸ ಹೇಳಿದರೂ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಆಯುಧಪೂಜೆ ಮುಗಿದ ಮೂರನೇ ದಿನ ನಾನು ಅಣಕು ಪರೀಕ್ಷೆ ಇಟ್ಟುಕೊಂಡಿದ್ದೆ. ಪ್ರತಿ ಕಂಪ್ಯೂಟರಿನ ನೆತ್ತಿಯ ಮೇಲೊಂದು ಕ್ಯಾಮೆರಾ. ವಿದ್ಯಾರ್ಥಿಯ ಮುಖ ಆಚೀಚೆ ತಿರುಗಿದರೆ ಅದು ದೂರು ಕೊಡಬೇಕು. ಪರೀಕ್ಷೆ ಶುರುವಾಗುತ್ತಿದ್ದಂತೆ ನಲವತ್ತಮೂರು ಕಂಪ್ಯೂಟರುಗಳೂ ಒಟ್ಟಿಗೆ ದೂರು ಕೊಟ್ಟವು: ಎದುರಿಗೆ ಯಾರೂ ಇಲ್ಲ! ಎದ್ದು ಹೋಗಿ ನೋಡಿದರೆ ಎಲ್ಲ ಕ್ಯಾಮೆರಾಗಳ ಕಣ್ಣಿನ ಮೇಲೂ ನೀಟಾಗಿ ವಿಭೂತಿ ಬಳಿದು, ನಡುವೆ ಕುಂಕುಮದ ಬೊಟ್ಟು ಇಡಲಾಗಿತ್ತು.

"ಅಲ್ಲಣ್ಣ, ಕ್ಯಾಮೆರಾ ಕಣ್ಣಿಗೇ ಹಚ್ಚೋದಾ?" ಎಂದೆ.

"ಇನ್ನೆಲ್ಲಿ ಅಚ್ಲಿ ಮೇಡಂ? ಅಣೆ ಅಂತ ಇರೋದು ಅದೊಂದೇ ಜಾಗ," ಎಂದರು. ಒರೆಸಲು ಮಾತ್ರ ಒಪ್ಪಲಿಲ್ಲ. ನಲವತ್ತಮೂರನ್ನೂ ನಾನೇ ಸೆರಗಿನಿಂದ ಒರೆಸಿದೆ.

ಕಣ್ಣು ಬಿಟ್ಟ ಮೇಲೆ ಅವು ಪ್ರತಿ ಎಂಟು ಸೆಕೆಂಡಿಗೊಮ್ಮೆ ಎಲ್ಲರೂ ಅಲುಗಾಡುತ್ತಿದ್ದಾರೆ ಎಂದು ಹೇಳತೊಡಗಿದವು. ಅಲುಗಾಡುತ್ತಿದ್ದದ್ದು ಕಟ್ಟಡ. ಪಕ್ಕದ ಪ್ರೆಸ್ಸಿನ ಮಾಲೀಕರ ಹತ್ತಿರ ಹೋಗಿ, ಪರೀಕ್ಷೆಯ ದಿನ ಎರಡು ಗಂಟೆ ಮಷಿನ್ ನಿಲ್ಲಿಸುವುದಾಗಿ ಮಾತು ತೆಗೆದುಕೊಂಡೆ. ಅದೇ ಅಣಕು ಪರೀಕ್ಷೆಯ ನಡುವೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು, "ಮೇಡಂ, ಅಡಿಷನಲ್ ಶೀಟ್," ಎಂದು ಕೈಚಾಚಿದರು. ಇಡೀ ತರಗತಿ ನಕ್ಕಿತು. ಅವರಿಗೆ ಮಾತ್ರ ಕೈ ಹಿಂತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ನಿಜವಾದ ಪರೀಕ್ಷೆ ಒಂದೇ ಒಂದು ದೂರಿಲ್ಲದೆ ಮುಗಿಯಿತು. ಪ್ರೆಸ್ಸು ನಿಂತಿತ್ತು, ಕರೆಂಟು ಹೋಗಲಿಲ್ಲ, ಉತ್ತರಗಳನ್ನು ಯಂತ್ರವೇ ತಿದ್ದಿ ಅರ್ಧ ಗಂಟೆಯಲ್ಲಿ ಅಂಕಪಟ್ಟಿ ಕೈಗಿಟ್ಟಿತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ದೊಡ್ಡ ಕ್ಯಾಂಪಸ್ಸಿನಿಂದ ಫೋನ್ ಬಂತು. ಉಳಿದ ಶಾಖೆಗಳ ಅಧ್ಯಾಪಕರಿಗೆ ನೀವೇ ತರಬೇತಿ ಕೊಡಬೇಕು ಎಂದರು. ನೋಡೋಣ ಎಂದು ಗಂಭೀರವಾಗಿ ಹೇಳಿ, ಫೋನಿಟ್ಟ ತಕ್ಷಣ ಸ್ಲೈಡು ಮಾಡಲು ಕುಳಿತೆ. ಮೊದಲನೇ ಸ್ಲೈಡಿನಲ್ಲಿ 'ತಪ್ಪಿಲ್ಲದ ಪರೀಕ್ಷೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ.

ಮಾರನೇ ವಾರ ಪರೀಕ್ಷೆ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು ಬಂದಳು. ವಿಜಯಪುರದ ಕಡೆಯವಳು, ನಲವತ್ತರ ಹತ್ತಿರ ವಯಸ್ಸು. ಗಂಡ ಗಾರೆ ಕೆಲಸ, ಆಕೆ ಒಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನಲ್ಲಿ. ಹನ್ನೆರಡು ವರ್ಷದಿಂದ ದಿನಕ್ಕೆ ನೂರಾರು ಪೀಸುಗಳನ್ನು ಅಳೆದು ಸರಿ ತಪ್ಪು ಬೇರ್ಪಡಿಸುತ್ತಾಳೆ. ಆದರೆ ಪದವಿಯಿಲ್ಲದ್ದರಿಂದ ವರದಿಗೆ ಸಹಿ ಮಾಡುವಂತಿಲ್ಲ. ಮೊನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದವನೊಬ್ಬ ಆಕೆ ಅಳೆದದ್ದಕ್ಕೆ ಸಹಿ ಮಾಡುತ್ತಾನೆ. ಆ ಸಹಿಗಾಗಿಯೇ ಆಕೆ ನಮ್ಮಲ್ಲಿ ಸೇರಿದ್ದಳು. ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸದಿದ್ದರೆ ದಾಖಲಾತಿ ರದ್ದು ಎಂಬುದು ನಮ್ಮ ನಿಯಮ. ಆಕೆಗೆ ಇದು ಆರನೇ ವರ್ಷ. ಉಳಿದಿದ್ದದ್ದು ನನ್ನ ವಿಷಯವೊಂದೇ, ಮತ್ತು ಇದೇ ಕೊನೆಯ ಅವಕಾಶ. ಇಂಗ್ಲಿಷಿನ ಥಿಯರಿ ಪ್ರಶ್ನೆಗಳು ಆಕೆಯನ್ನು ಎರಡು ಸಲ ಕೆಡವಿದ್ದವು. ಈ ಸಲ ನೂರಕ್ಕೆ ಮೂವತ್ತಾರು ಬಂದಿತ್ತು. ಪಾಸಾಗಲು ನಲವತ್ತು ಬೇಕು.

ಅಳುತ್ತಾಳೆ, ಬೇಡಿಕೊಳ್ಳುತ್ತಾಳೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತೆ. ಆಕೆ ಎದುರಿನ ಕುರ್ಚಿಯಲ್ಲಿ ಕೂತು ಕೇಳಿದ್ದು ಬೇರೆಯೇ.

"ಮೇಡಂ, ಆ ಕ್ಯಾಲಿಪರ್ ಚಿತ್ರದ ಪ್ರಶ್ನೆಗೆ ಟಾಲರೆನ್ಸ್ ಎಷ್ಟ್ ಇಟ್ಟಿದ್ರಿ?"

ವರ್ನಿಯರ್ ಕ್ಯಾಲಿಪರ್ ಅಂದರೆ ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಲಕರಣೆ. ಅದರ ಚಿತ್ರ ತೋರಿಸಿ, ಎಷ್ಟು ಮಿಲಿಮೀಟರ್ ಇದೆ ಓದಿ ಎಂದು ಕೆಲವು ಪ್ರಶ್ನೆ ಕೊಟ್ಟಿದ್ದೆ. ಅದರಲ್ಲಿ ಒಂದು ಗೆರೆ ಎಂದರೆ 0.02 ಮಿಲಿಮೀಟರ್. ಕಣ್ಣಿನಿಂದ ಓದುವಾಗ ಒಂದು ಗೆರೆ ಆಚೀಚೆ ಆಗುವುದು ಸಹಜ, ಅಷ್ಟಕ್ಕೆ ಮಾಫಿ ಉಂಟು ಎಂದು ನಾನೇ ಪಾಠ ಮಾಡಿದ್ದೆ. ಕಂಪ್ಯೂಟರಿನಲ್ಲಿ ಉತ್ತರ ತುಂಬಿಸುವ ಜಾಗದ ಪಕ್ಕದಲ್ಲಿ ಟಾಲರೆನ್ಸ್ ತುಂಬಲು ಒಂದು ಚೌಕವೂ ಇತ್ತು. ತೆರೆದು ನೋಡಿದೆ. ಎಲ್ಲ ಪ್ರಶ್ನೆಗಳಲ್ಲೂ ಆ ಚೌಕದಲ್ಲಿ ಸೊನ್ನೆ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

ಇಪ್ಪತ್ತು ವರ್ಷ ಯಾವುದನ್ನು ಹೇಳಿಕೊಡುತ್ತಾ ಸಂಬಳ ತೆಗೆದುಕೊಂಡೆನೋ ಅದನ್ನೇ ಮರೆತಿದ್ದೆ. ವಿಭೂತಿ, ಅರಗು, ಪ್ರೆಸ್ಸು ಎಂದು ಊರಿನವರ ತಪ್ಪನ್ನೆಲ್ಲ ಹುಡುಕಿ ಹುಡುಕಿ ಒರೆಸಿದವಳು ನಾನು. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ.

ನಿಯಮದ ಪ್ರಕಾರ ವಿದ್ಯಾರ್ಥಿಗೆ ತನ್ನ ಉತ್ತರ ನೋಡುವ ಹಕ್ಕಿದೆ. ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಆಕೆಗೆ ಅಂಕ ತಪ್ಪಿದ್ದ ಚಿತ್ರದ ಪ್ರಶ್ನೆಗಳು ಎರಡು, ಒಂದೊಂದಕ್ಕೆ ಎರಡು ಅಂಕ. ಮೊದಲನೆಯದರಲ್ಲಿ ಸರಿ ಉತ್ತರ 24.36, ಆಕೆ ಬರೆದದ್ದು 24.38.

"ಒಂದು ಗೆರೆ. ಇದು ನಿಮ್ಮ ತಪ್ಪಲ್ಲ, ನನ್ನದು. ಸರಿಮಾಡ್ತೀನಿ," ಎಂದೆ.

ಎರಡನೆಯದರಲ್ಲಿ ಸರಿ ಉತ್ತರ 41.72, ಆಕೆಯದ್ದು 41.76. ಎರಡು ಗೆರೆ. ನನ್ನ ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು. ಚೌಕದಲ್ಲಿ 0.02 ಹಾಕಿದರೆ ಆಕೆಗೆ ಮೂವತ್ತೆಂಟು. 0.04 ಹಾಕಿದರೆ ಸರಿಯಾಗಿ ನಲವತ್ತು. ಯಾವುದನ್ನು ಹಾಕಿದರೂ ಕೇಳುವವರಿಲ್ಲ, ಸೂಪರಿಂಟೆಂಡೆಂಟರಿಗೆ ಬೇಕಾದದ್ದು ಮೂರು ಪ್ರತಿ ಮಾತ್ರ. ತಪ್ಪು ನನ್ನದಾಗಿದ್ದರಿಂದ ಉದಾರಳಾಗಲು ಬಹಳ ಹಿತವಾಗಿತ್ತು.

"ಚಿತ್ರಾನೂ ಅಷ್ಟು ಸ್ಪಷ್ಟವಾಗಿಲ್ಲ ಅಲ್ವಾ?" ಎಂದು ಆಕೆಗೆ ದಾರಿ ತೋರಿಸಿದೆ. "ಎರಡು ಗೆರೆ ಬಿಡಬಹುದು ಅನ್ಸುತ್ತೆ."

ಆಕೆ ಪರದೆಯ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ಗೆರೆಗಳನ್ನು ಎಣಿಸಿದಳು. ಆಮೇಲೆ ಹಿಂದಕ್ಕೆ ಸರಿದು ಕೂತಳು.

"ಸ್ಪಷ್ಟ ಐತ್ರಿ ಮೇಡಂ. ನಾನ ಅವಸರ ಮಾಡೀನಿ. ಇದು ರಿಜೆಕ್ಟ್ ರಿ."

"ಏನು ಹೇಳ್ತಿದ್ದೀರಿ ಗೊತ್ತಾ? ಇದು ಕೊನೆಯ ಅವಕಾಶ."

"ಗೊತ್ತೈತ್ರಿ. ಒಂದ್ ಗೆರಿ ಅಂತ ನೀವ ಕಲಿಸೀರಿ. ಅದರ ಸಲುವಾಗಿನ ಕೇಳಾಕ ಬಂದಿದ್ದೆ. ಎರಡ್ ಗೆರಿ ಬಿಟ್ರ ತಪ್ಪ್ ಅಳದಾವ್ರೂ ಪಾಸ್ ಆಗ್ತಾರ್ರಿ. ಆ ಹುಡುಗ ಪೀಸ್ ನೋಡದ ಸಹಿ ಮಾಡ್ತಾನ ಅಂತ ನಾ ದಿನಾ ಬೈತೀನಿ. ನಾನೂ ಹಂಗ ಪಾಸಾದ್ರ ನನ್ನ ಸಹಿ ಯಾರಿಗ್ ಬೇಕ್ರಿ?"

ನನಗೆ ಆಕೆಯ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಕೈಗೆ ಬಂದದ್ದನ್ನು ತಳ್ಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಆಕೆ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಶಿಫ್ಟಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟಳು. ಬಹಳ ಹೊತ್ತು ಆ ಚೌಕವನ್ನೇ ನೋಡುತ್ತಾ ಕುಳಿತಿದ್ದೆ. ಕೊನೆಗೆ 0.02 ಎಂದು ಹಾಕಿದೆ. ಯಂತ್ರ ಎಲ್ಲರ ಉತ್ತರವನ್ನೂ ಮತ್ತೆ ತಿದ್ದಿತು. ಬಾಯಿಬಿಟ್ಟು ಒಂದು ಮಾತೂ ಕೇಳದ ಆರು ಜನ ಹೊಸದಾಗಿ ಪಾಸಾದರು. ಆಕೆಗೆ ಮೂವತ್ತೆಂಟು.

ಪರೀಕ್ಷಾ ವಿಭಾಗಕ್ಕೆ ಪತ್ರ ಬರೆಯಬೇಕಿತ್ತು. ತಾಂತ್ರಿಕ ಕಾರಣಗಳಿಂದ ಎಂದು ಶುರುಮಾಡಿದೆ. ನಮ್ಮಲ್ಲಿ ಯಾರೂ ತಪ್ಪು ಮಾಡುವುದಿಲ್ಲ, ಎಲ್ಲವೂ ತಾಂತ್ರಿಕ ಕಾರಣಗಳಿಂದಲೇ ಆಗುತ್ತದೆ. ಆಮೇಲೆ ಆ ಹಾಳೆ ಹರಿದು, ಟಾಲರೆನ್ಸ್ ತುಂಬಲು ಮರೆತವಳು ನಾನು, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದೆ. ಮೂರು ಪ್ರತಿ.

ಸೂಪರಿಂಟೆಂಡೆಂಟರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ಮೇಡಂ, ಇದು ನಿಮ್ಮ ಸರ್ವಿಸ್ ಫೈಲಿಗೆ ಹೋಗುತ್ತೆ. ಬೇಕಾದ್ರೆ ವಾಕ್ಯ ಸ್ವಲ್ಪ ತಿರುಗಿಸಿ ಬರೀರಿ."

"ಬೇಡ ಸಾರ್, ಹೋಗ್ಲಿ."

ಅವರು ಪತ್ರವನ್ನು ಪಕ್ಕಕ್ಕಿಟ್ಟು, ಬೀರುವಿನಿಂದ ಮೂಲೆಗಳು ಸವೆದ ನಿಯಮಾವಳಿಯ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವತೊಡಗಿದರು. ನಾನು ಹೊರಡಲು ಎದ್ದೆ. ಕೂತ್ಕೊಳ್ಳಿ ಎಂದರು. ಕಾಲು ಗಂಟೆಯ ನಂತರ ಒಂದು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಪ್ರಶ್ನೆಪತ್ರಿಕೆ ತಯಾರಿಸಿದವರು ತಮ್ಮ ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡ ಪಕ್ಷದಲ್ಲಿ, ಅನುತ್ತೀರ್ಣರಾದವರಿಗೆ ಸದರಿ ಪರೀಕ್ಷೆಯನ್ನು ಒಂದು ಅವಕಾಶವೆಂದು ಲೆಕ್ಕಕ್ಕೆ ಹಿಡಿಯದೆ, ಕಾಲಮಿತಿ ಮೀರಿದ್ದರೂ ಮರುಪರೀಕ್ಷೆ ನಡೆಸತಕ್ಕದ್ದು.

"ಅಂದ್ರೆ ಪಟ್ಟಿಯಲ್ಲಿ ಕೊನೇ ಅವಕಾಶ ಅಂತಿರೋ ಆ ಹೆಣ್ಣುಮಗಳು ಇನ್ನೊಂದ್ಸಲ ಬರೀಬಹುದು. ಮೂವತ್ತು ವರ್ಷದಲ್ಲಿ ಈ ನಿಯಮ ಉಪಯೋಗಕ್ಕೆ ಬಂದಿದ್ದು ಇದೇ ಮೊದ್ಲು. ಇಂಥ ಪತ್ರ ಯಾರೂ ಬರೆದಿರ್ಲಿಲ್ಲ," ಎಂದರು. ಅಷ್ಟು ದಿನ ಅವರನ್ನು ಬೆನ್ನ ಹಿಂದೆ ಆಡಿಕೊಂಡದ್ದಕ್ಕೆ ನನಗೆ ಬೇಸರವಾಯಿತು. ಪೂರ್ತಿ ಬಿಟ್ಟೆ ಎಂದೇನೂ ಹೇಳಲಾರೆ.

ತರಬೇತಿಗೆ ದೊಡ್ಡ ಕ್ಯಾಂಪಸ್ಸಿನವರು ಬೇರೊಬ್ಬರನ್ನು ಕರೆದರು. ಸ್ಲೈಡುಗಳನ್ನು ಅಳಿಸಿದೆ. ಎರಡು ತಿಂಗಳ ನಂತರ ಮರುಪರೀಕ್ಷೆಯಾಯಿತು. ಈ ಸಲ ಪ್ರತಿಯೊಂದು ಚೌಕವನ್ನೂ ಮೂರು ಮೂರು ಸಲ ನೋಡಿದ್ದೆ. ಥಿಯರಿಯ ಪ್ರಶ್ನೆಗಳ ಕೆಳಗೆ ಕನ್ನಡದಲ್ಲೂ ಬರೆಸಲು ಅನುಮತಿ ಪಡೆದಿದ್ದೆ. ಅಂಕಪಟ್ಟಿ ಬಂದ ತಕ್ಷಣ ಆಕೆಗೆ ಫೋನ್ ಮಾಡಿದೆ. ಆಚೆ ಕಡೆ ಮಷಿನ್ನುಗಳ ಗದ್ದಲ.

"ಐವತ್ತೆರಡು!" ಎಂದು ಕೂಗಿದೆ. "ಪಾಸಾಗಿದ್ದೀರಿ!"

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಕೂಗಿದೆ.

"ಕೇಳಿಸ್ತ್ರಿ ಮೇಡಂ. ಟಾಲರೆನ್ಸ್ ಎಷ್ಟ್ ಇಟ್ಟಿದ್ರಿ?"

"ಒಂದು ಗೆರೆ."

"ಎಲ್ಲಾರಿಗೂ?"

"ಎಲ್ಲರಿಗೂ."

"ಹಂಗಾದ್ರ ಪಾಸಾಗೀನ್ರಿ," ಎಂದಳು. ಆಮೇಲೆ ಅಳತೊಡಗಿದಳು.